ಪಿ.ಟಿ. ಪಿರಿಯಡ್‌ನಲ್ಲಿ ಕುಣಿತ: ಹೆಜ್ಜೆ ಹೇಳಿಕೊಡದೆ ಮಕ್ಕಳನ್ನು ಕುಣಿಸುವುದು ಹೇಗೆ?

"ನಂಗ ಕುಣೀಲಿಕ್ಕ ಬರೂದಿಲ್ರೀ, ಮಕ್ಕಳಿಗೆ ಹೆಂಗ ಕಲಸ್ಲಿ?"

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ದೈಹಿಕ ಶಿಕ್ಷಣ ಶಿಕ್ಷಕರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು. ಎರಡನೆಯದು, "ಗಂಡುಹುಡುಗ್ರು ಮಾಡ್ತಾರೇನ್ರೀ?" ಮೂರನೆಯದು, "ಐವತ್ತು ಮಕ್ಕಳನ್ನ ಇಟ್ಕೊಂಡು ಗದ್ದಲ ಆಗೂದಿಲ್ಲೇನು?" ಇಷ್ಟು ದಿನ ಕೇಳಿದವರಿಗೆಲ್ಲ ಫೋನಿನಲ್ಲೇ ಹೇಳುತ್ತಿದ್ದೆ. ಈಗ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಮೊದಲು ಉತ್ತರ. ನಿಮಗೆ ಕುಣಿಯಲು ಬರದಿದ್ದರೂ ನಡೆಯುತ್ತದೆ. ಎಷ್ಟೋ ಸಲ ಬರದಿರುವುದೇ ಒಳ್ಳೆಯದು. ಚೆನ್ನಾಗಿ ಕುಣಿಯುವವರಿಗೆ ತಾವೇ ಮಾಡಿ ತೋರಿಸುವ ಆಸೆ ತಡೆಯಲಾಗುವುದಿಲ್ಲ. ತೋರಿಸಿದಿರೋ, ಐವತ್ತು ಮಕ್ಕಳೂ ಅದನ್ನೇ ಮಾಡುತ್ತಾರೆ. ಗ್ಯಾದರಿಂಗ್‌ನ (ಶಾಲಾ ವಾರ್ಷಿಕೋತ್ಸವದ) ಡಾನ್ಸ್ ಆಗುವುದು ಹಾಗೆ ತಾನೇ? ಒಬ್ಬರು ಮುಂದೆ ನಿಂತು ಹೆಜ್ಜೆ ಹಾಕುತ್ತಾರೆ, ಉಳಿದವರು ಹಿಂದೆ ಹಾಕುತ್ತಾರೆ. ಅದರಲ್ಲಿ ಮಕ್ಕಳು ಕಲಿಯುವುದು ಬೇಕಾದಷ್ಟಿದೆ. ಆದರೆ ಆ ಕುಣಿತದಲ್ಲಿ ಮಗುವಿನದ್ದೇ ಅಂತ ಏನೂ ಇರುವುದಿಲ್ಲ.

ಇಲ್ಲಿ ಹೇಳುತ್ತಿರುವ ಪಾಠದಲ್ಲಿ ನೀವು ಹೆಜ್ಜೆ ಕೊಡುವುದಿಲ್ಲ, ಪ್ರಶ್ನೆ ಕೊಡುತ್ತೀರಿ. "ನೆಲಕ್ಕೆ ಅಂಟಿಕೊಂಡೇ ಮುಂದೆ ಹೋಗೋದು ಹೇಗೆ?" ಅಂತ ಕೇಳಿದರೆ ಒಬ್ಬ ಹುಡುಗ ತೆವಳುತ್ತಾನೆ, ಇನ್ನೊಬ್ಬಳು ಕುಕ್ಕರುಗಾಲಲ್ಲಿ ಸರಿಯುತ್ತಾಳೆ. ಎರಡೂ ಸರಿ. ಉತ್ತರವನ್ನು ಮೈಯಲ್ಲಿ ಹುಡುಕುವುದೇ ಕುಣಿತ.

ಏನೇನು ಬೇಕು

ಜಾಸ್ತಿ ಏನೂ ಬೇಡ. ಒಂದು ಹಲಗಿ (ಬಡಿಯುವ ಚರ್ಮವಾದ್ಯ), ಇಲ್ಲವೇ ಬಡಿದರೆ ಸದ್ದು ಬರುವ ಯಾವುದಾದರೂ ಡಬ್ಬಿ. ಕಾಮಣ್ಣನ ಹಬ್ಬದ ಹೊತ್ತಿಗೆ ಹುಬ್ಬಳ್ಳಿ ಪೇಟೆಯಲ್ಲಿ ಮಕ್ಕಳು ಬಡಿಯುವ ಹಲಗಿ ಸಿಗುತ್ತವೆ, ಆಗಲೇ ಒಂದು ತಂದಿಟ್ಟುಕೊಳ್ಳಿ. ಚರ್ಮದ ಹಲಗಿ ಮಳೆಗಾಲದಲ್ಲಿ ಸಡಿಲಾಗಿ ಮಂಕಾಗುತ್ತದೆ. ಆ ದಿನಗಳಿಗೆ ಸ್ಟೀಲ್ ಡಬ್ಬಿಯೇ ಸೈ.

ನೆಲಕ್ಕೆ ಗೆರೆ ಹಾಕಲು ರಂಗೋಲಿ ಪುಡಿ ಇರಲಿ. ಟ್ರ್ಯಾಕಿಗೆ ಹಾಕುವ ಸುಣ್ಣದ ಪುಡಿ ಬೇಡ. ಮಕ್ಕಳು ಬರಿಗಾಲಲ್ಲಿರುತ್ತಾರೆ, ಕೆಲವೊಮ್ಮೆ ನೆಲದಲ್ಲಿ ಕೂತು ಮಾಡುತ್ತಾರೆ. ಸುಣ್ಣ ಚರ್ಮಕ್ಕೆ ಉರಿ, ಕಣ್ಣಿಗೆ ಬಿದ್ದರೆ ಅಪಾಯ.

ಹಾಡು ಹಾಕುವ ಸ್ಪೀಕರ್ ಮೊದಲ ಎರಡು ವಾರ ಬೇಡವೇ ಬೇಡ. ಸಿನಿಮಾ ಹಾಡು ಶುರುವಾದರೆ ಮಕ್ಕಳ ಮೈಗೆ ಆ ಹಾಡಿನ ಸ್ಟೆಪ್ ತಾನೇ ಬಂದುಬಿಡುತ್ತದೆ. ಯೋಚನೆ ನಿಂತುಹೋಗುತ್ತದೆ.

ಜಾಗದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮೈದಾನವನ್ನು ನೀವೇ ಒಂದು ಸುತ್ತು ನಡೆದು ನೋಡಿ. ಹರಳು, ಗಾಜಿನ ಚೂರು, ಜಾಲಿ ಮುಳ್ಳು ಇದ್ದರೆ ಆರಿಸಿ. ಎರೆ ಮಣ್ಣಿನ ಮೈದಾನವಾದರೆ ಬೇಸಿಗೆಯಲ್ಲಿ ಬಿರುಕು, ಮಳೆಯಲ್ಲಿ ಅಂಟು. ಬಿರುಕಿನಲ್ಲಿ ಕಾಲು ಸಿಕ್ಕಿದರೆ ಪಾದ ತಿರುಚುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನಾನೊಮ್ಮೆ ಮಕ್ಕಳನ್ನು ವರಾಂಡಾಕ್ಕೆ ಕರೆದುಕೊಂಡು ಹೋದೆ. ಟೈಲ್ಸ್ ಒದ್ದೆಯಾಗಿತ್ತು. ಒಬ್ಬಳು ಜಾರಿ ಬಿದ್ದು ಹದಿನೈದು ದಿನ ಕುಂಟಿದಳು. ಆ ತಪ್ಪು ನನ್ನದು. ಒದ್ದೆ ಟೈಲ್ಸ್ ಮೇಲೆ ನೆಗೆತ, ತಿರುಗು, ಓಟ ಮೂರೂ ಬೇಡ. ಆ ದಿನ ತರಗತಿಯಲ್ಲೇ ಬೆಂಚಿನ ಪಕ್ಕ ನಿಂತು ಕೈ, ಭುಜ, ಬೆನ್ನಿನ ಚಲನೆ ಮಾಡಿಸಿ.

ಹೊತ್ತು ನೋಡಿಕೊಳ್ಳಿ. ಬಿಸಿಯೂಟ ಆದ ಕೂಡಲೇ ಬೇಡ, ಕನಿಷ್ಠ ಒಂದು ತಾಸು ಬಿಡಿ. ಮಾರ್ಚ್‌ನಿಂದ ಗದಗ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಬೆಳಗಿನ ಪಿರಿಯಡ್ ಕೇಳಿ ತೆಗೆದುಕೊಳ್ಳಿ, ಇಲ್ಲವೇ ಬೇವಿನ ಮರದ ನೆರಳು ಹುಡುಕಿ. ಉಬ್ಬಸ ಇರುವ ಮಕ್ಕಳ ಇನ್ಹೇಲರ್ ಬ್ಯಾಗಿನಲ್ಲಿ ಬಿಟ್ಟಿರಬಾರದು, ಮೈದಾನದಲ್ಲೇ ಇರಬೇಕು.

ನಾಲ್ಕು ಮಾತು ಗೊತ್ತಿರಲಿ

ಚಲನೆಯನ್ನು ಹೀಗೆ ಬಿಡಿಸಿ ನೋಡುವುದನ್ನು ಶಾಲೆಗಳ ತನಕ ತಂದವರಲ್ಲಿ ರುಡಾಲ್ಫ್ ಲಾಬಾನ್ (1879-1958) ದೊಡ್ಡ ಹೆಸರು. ಹುಟ್ಟಿದ್ದು ಇಂದಿನ ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ. ಕೊನೆಯ ವರ್ಷಗಳನ್ನು ಕಳೆದದ್ದು ಇಂಗ್ಲೆಂಡಿನಲ್ಲಿ. ಯಾವ ಚಲನೆಯನ್ನೇ ತೆಗೆದುಕೊಂಡರೂ ನಾಲ್ಕು ಗುಣ ನೋಡಬಹುದು ಅಂತ ಅವರು ಹೇಳಿದರು. ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು.

ಭಾರ: ಗಟ್ಟಿಯಾಗಿ ಮಾಡುತ್ತೀಯೋ, ಹಗುರಾಗಿಯೋ?
ಹೊತ್ತು: ಥಟ್ಟನೆಯೋ, ನಿಧಾನವಾಗಿಯೋ?
ದಾರಿ: ನೆಟ್ಟಗೆ ಹೋಗುತ್ತದೋ, ಸುತ್ತುಬಳಸಿಯೋ?
ಹರಿವು: ಯಾವಾಗ ಬೇಕಾದರೂ ನಿಲ್ಲಿಸುವಂತೆ ಹಿಡಿದು ಮಾಡುತ್ತೀಯೋ, ಬಿಟ್ಟು ಹರಿಸುತ್ತೀಯೋ?

ಈ ನಾಲ್ಕನ್ನು ಒಂದು ಹಲಗೆಯ ಮೇಲೆ ಬರೆದು ಮರಕ್ಕೆ ನೇತುಹಾಕಿ. ಏನು ಕೇಳಬೇಕು ಅಂತ ತೋಚದಾಗ ಅದನ್ನು ನೋಡಿ ಒಂದು ಪ್ರಶ್ನೆ ಎತ್ತಿಕೊಳ್ಳಿ. ಲಾಬಾನ್ ಇನ್ನೊಂದು ಮಾತನ್ನೂ ಕೊಟ್ಟರು. ನಿಂತಲ್ಲೇ ನಿಂತು ಕೈಕಾಲು ಚಾಚಿದರೆ ಎಲ್ಲಿಯವರೆಗೆ ಮುಟ್ಟುತ್ತೇವೋ ಅಷ್ಟು ಜಾಗ ಒಂದು ಗುಂಡು ಗುಳ್ಳೆಯಂತೆ ನಮ್ಮ ಸುತ್ತ ಇರುತ್ತದೆ, ನಡೆದಾಗ ಅದೂ ಜೊತೆಗೆ ಬರುತ್ತದೆ. ನಾನು ಮಕ್ಕಳಿಗೆ "ನಿನ್ನ ಗುಳ್ಳೆ" ಅಂತಲೇ ಹೇಳುತ್ತೇನೆ.

40 ನಿಮಿಷದ ಒಂದೇ ಪಿರಿಯಡ್‌ನಲ್ಲಿ ಕೆಳಗಿನದ್ದೆಲ್ಲ ಆಗುವುದಿಲ್ಲ. ಮೊದಲ ದಿನ 1ರಿಂದ 3, ಎರಡನೇ ದಿನ 4, ಮೂರನೇ ದಿನ 5 ಮತ್ತು 6, ಆಮೇಲೆ ಉಳಿದದ್ದು. ಮೈ ಕಾಯಿಸುವುದು, ಕೊನೆಗೆ ಮೈ ತಣಿಸುವುದು ಪ್ರತಿದಿನ ಇರಲೇಬೇಕು.

1. ಕರಾರು ಮಾಡಿಕೊಳ್ಳಿ

ಎರಡೇ ನಿಮಿಷ. ಮೂರೇ ಕರಾರು. ಯಾರೂ ಯಾರನ್ನೂ ನೋಡಿ ನಗುವುದಿಲ್ಲ. ಕೇಳದೆ ಯಾರನ್ನೂ ಮುಟ್ಟುವುದಿಲ್ಲ. ಹಲಗಿ ನಿಂತರೆ ಎಲ್ಲರೂ ನಿಲ್ಲುವುದು. ಕರಾರು ನಿಮಗೂ ಅನ್ವಯಿಸುತ್ತದೆ ಅಂತ ಹೇಳಿ, ಹಾಗೆಯೇ ನಡೆದುಕೊಳ್ಳಿ.

ಮೊದಲನೆಯದನ್ನು ಮುರಿದರೆ ಅಲ್ಲೇ ನಿಲ್ಲಿಸಬೇಕು. "ಇರಲಿ ಬಿಡು, ಹುಡುಗರು" ಅಂತ ಬಿಟ್ಟರೆ ಆ ನಗು ಬಿದ್ದ ಮಗು ಇಡೀ ವರ್ಷ ನಿಮ್ಮ ಮುಂದೆ ಮೈ ಬಿಚ್ಚಿ ಆಡುವುದಿಲ್ಲ. ಗದರಿಸುವುದೂ ಬೇಡ. ಹಲಗಿ ನಿಲ್ಲಿಸಿ, ಕರಾರನ್ನು ಮತ್ತೊಮ್ಮೆ ಹೇಳಿ, ಮುಂದೆ ಹೋಗಿ.

2. ಮೈ ಕಾಯಿಸಿ

ಐದಾರು ನಿಮಿಷ. ನಡಿಗೆಯಿಂದ ಶುರು ಮಾಡಿ. ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಬೇಡಿ, ಮೈದಾನದ ತುಂಬ ಹರಡಿ. ಸಾಲು ನಿಂತರೆ ಮುಂದಿನ ಸಾಲು, ಹಿಂದಿನ ಸಾಲು ಅಂತ ಆಗಿ, ಹಿಂದಿನವರು ಮುಂದಿನವರನ್ನು ನೋಡಿ ಮಾಡುತ್ತಾರೆ. ಇನ್ನೊಬ್ಬರ ಗುಳ್ಳೆ ಒಡೆಯದಂತೆ ನಡೆಯಲು ಹೇಳಿ. ಆಮೇಲೆ ಬಿರುಸು ನಡಿಗೆ, ಕುಪ್ಪಳಿಕೆ, ಕುಂಟೆಬಿಲ್ಲೆಯ ಕುಂಟು. ಎರಡೂ ಕಾಲಿನಲ್ಲಿ ಕುಂಟಿಸಿ. ಮಕ್ಕಳು ತಮಗೆ ಅನುಕೂಲದ ಕಾಲನ್ನೇ ಬಳಸುತ್ತಾರೆ.

ನೆಗೆದು ಇಳಿಯುವುದನ್ನು ಇಲ್ಲೇ ಕಲಿಸಿಬಿಡಿ. ಪಾದದ ಮುಂಭಾಗ ಮೊದಲು ನೆಲ ಮುಟ್ಟಬೇಕು, ಆಮೇಲೆ ಹಿಮ್ಮಡಿ. ಮೊಣಕಾಲು ಮಡಚಿರಬೇಕು, ಒಳಗೆ ವಾಲಬಾರದು. "ಇಳಿದಾಗ ಸಪ್ಪಳ ಕೇಳಬಾರದು" ಅಂದರೆ ಮಕ್ಕಳಿಗೆ ಅರ್ಥವಾಗುತ್ತದೆ. ಕುತ್ತಿಗೆಯನ್ನು ಹಿಂದಕ್ಕೆ ಗಿರಗಿರ ಸುತ್ತಿಸುವ ಹಳೆಯ ಡ್ರಿಲ್ ಬೇಡ. ಪಕ್ಕಕ್ಕೆ ತಿರುಗಿಸಿದರೆ, ಬಾಗಿಸಿದರೆ ಸಾಕು.

ಎಷ್ಟು ದಣಿಸಬೇಕು? ಮಾತಾಡಲು ಬರಬೇಕು, ಹಾಡಲು ಬರಬಾರದು. ಅಷ್ಟಾದರೆ ಮೈ ಹದವಾಗಿ ದಣಿದಿದೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಇಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. "ಕುಣಿತದಾಗ ಏನ್ ವ್ಯಾಯಾಮ?" ಅಂತ ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ ಒಂದು ದಿನ ಬಂದು ಮಕ್ಕಳ ಬೆವರು ನೋಡಲು ಹೇಳಿ.

3. ನಡೆ, ನಿಲ್ಲು

ಹಲಗಿ ಬಡಿಯುತ್ತಿರುವಾಗ ಹೇಗೆ ಬೇಕಾದರೂ ಚಲಿಸಬಹುದು. ನಿಂತಾಗ ಇದ್ದಲ್ಲೇ ಕಲ್ಲಾಗಬೇಕು. ಎಲ್ಲ ಮಕ್ಕಳಿಗೂ ಗೊತ್ತಿರುವ ಆಟವೇ. ಮಾಡಬೇಕಾದ್ದು ಒಂದೇ, ಪ್ರತಿ ಸಲ ನಿಲ್ಲುವ ಭಂಗಿಗೆ ಒಂದು ಷರತ್ತು ಹಾಕುತ್ತಾ ಹೋಗುವುದು. ನೆಲಕ್ಕೆ ಹತ್ತಿರ ನಿಲ್ಲು. ಮೈ ತಿರುಚಿ ನಿಲ್ಲು. ಮೂರು ಅಂಗ ಮಾತ್ರ ನೆಲ ಮುಟ್ಟಲಿ. ಪಕ್ಕದವರ ಭಂಗಿಗಿಂತ ಎತ್ತರ ಬೇರೆ ಇರಲಿ.

ಐವತ್ತು ಮಕ್ಕಳ ಗದ್ದಲದ ಪ್ರಶ್ನೆಗೆ ಉತ್ತರ ಇಲ್ಲಿದೆ. ಈ ಆಟ ಮೈಗೆ ಹತ್ತಿದ ಮೇಲೆ ಸಿಳ್ಳೆ ಊದುವ ಕೆಲಸವೇ ಇರುವುದಿಲ್ಲ. ಹಲಗಿಯ ಮೌನವೇ ಸಿಳ್ಳೆ.

4. ಮನೆಯ ಕೆಲಸದಿಂದ ಕುಣಿತ

ನನಗೆ ಬಹಳ ಇಷ್ಟವಾದ ಹಂತ ಇದು. ಅವಸರ ಮಾಡಬೇಡಿ, ಒಂದು ಪೂರ್ತಿ ಪಿರಿಯಡ್ ಕೊಡಿ.

ಮಕ್ಕಳನ್ನು ಸುತ್ತ ಕೂರಿಸಿ ಸುಮ್ನೆ ಕೇಳಿ: "ಮನ್ಯಾಗ ರೊಟ್ಟಿ ಯಾರು ಬಡೀತಾರ? ಹೆಂಗ ಬಡೀತಾರ?" ನಮ್ಮ ಕಡೆಯ ಮಗುವಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕುದಿಯುವ ನೀರು ಹಾಕಿದ ಜೋಳದ ಹಿಟ್ಟನ್ನು ನಾದುವುದು. ಉಂಡೆ ಮಾಡಿ ಅಂಗೈಯಿಂದ ಬಡಿಯುವುದು, ಬಡಿಯುತ್ತಿರುವಾಗಲೇ ರೊಟ್ಟಿ ಸುತ್ತುವುದು. ಎತ್ತಿ ಹಂಚಿಗೆ ಹಾಕುವುದು. ಒದ್ದೆ ಬಟ್ಟೆಯಿಂದ ನೀರು ಸವರುವುದು. ತಿರುವಿ ಹಾಕುವುದು. ಆಮೇಲೆ ಅದು ಉಬ್ಬುವುದು.

ಈಗ ಮರಕ್ಕೆ ನೇತುಹಾಕಿದ ಹಲಗೆ ನೋಡಿ. ನಾದುವುದು ಗಟ್ಟಿ, ನಿಧಾನ. ಬಡಿಯುವುದು ಹಗುರ, ಚುರುಕು. ಸವರುವುದು ಹಗುರ, ಸುತ್ತುಬಳಸು ದಾರಿ. ತಿರುವಿ ಹಾಕುವುದು ಥಟ್ಟನೆ. ಉಬ್ಬುವುದು ನಿಧಾನ, ತಡೆಯಿಲ್ಲದ ಹರಿವು. ನಾಲ್ಕೂ ಗುಣ ಒಂದೇ ಒಲೆಯ ಮುಂದೆ ಸಿಕ್ಕವು.

ಇಲ್ಲೊಂದು ತೊಡಕು ಇದೆ, ಎಲ್ಲರೂ ಎಡವುವುದು ಇಲ್ಲೇ. ಮಕ್ಕಳು ಮೊದಲು ಕೈಯಲ್ಲಿ ರೊಟ್ಟಿ ಬಡಿದಂತೆ ನಟಿಸುತ್ತಾರೆ. ಅದು ಆಕ್ಟಿಂಗ್ ಆಯಿತು, ಕುಣಿತ ಇನ್ನೂ ಆಗಿಲ್ಲ. "ಅದು ಸರಿ ಇಲ್ಲ" ಅನ್ನಬೇಡಿ. ಪ್ರಶ್ನೆ ಬದಲಿಸಿ. ಕೈ ಮಾಡುವ ಕೆಲಸವನ್ನು ಭುಜ ಮಾಡಿದರೆ? ಪಾದ ಮಾಡಿದರೆ? ಇಡೀ ಮೈಯಿಂದ ನಾದಿದರೆ? ಬಡಿತವನ್ನು ಮೈದಾನದ ಈ ತುದಿಯಿಂದ ಆ ತುದಿಗೆ ಒಯ್ದರೆ? ಕೊನೆಗೆ ಇದನ್ನು ಕೇಳಿ: ಬಡಿಯುವವಳು ಬೇಡ, ರೊಟ್ಟಿಯೇ ನೀನಾದರೆ?

ಆ ಕೊನೆಯ ಪ್ರಶ್ನೆಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೊಟ್ಟ ಉತ್ತರ ನನ್ನ ಕಣ್ಣಲ್ಲಿ ಹಾಗೇ ಇದೆ. ಮೊಣಕಾಲೂರಿ, ಹಣೆ ನೆಲಕ್ಕೆ ತಾಗಿಸಿ ಚಪ್ಪಟೆಯಾಗಿ ಕೂತಿದ್ದಳು. ಮೊದಲು ಎಡಭುಜ ಒಂದೇ ಸ್ವಲ್ಪ ಮೇಲೆ ಬಂತು. ಆಮೇಲೆ ಬೆನ್ನಿನ ಎಡಭಾಗ. ಬಲಭಾಗ ಇನ್ನೂ ನೆಲದಲ್ಲೇ ಇತ್ತು. ಕೊನೆಗೆ ಇಡೀ ಬೆನ್ನು ಗುಂಡಗೆ ಎದ್ದಿತು, "ಸ್ಸ್" ಅಂತ ಉಸಿರು ಬಿಟ್ಟು ಮತ್ತೆ ಇಳಿದಳು. ರೊಟ್ಟಿ ಉಬ್ಬುವುದು ಹಾಗೇ ಅಲ್ವಾ, ಒಂದು ಮಗ್ಗುಲಿನಿಂದ? ಆವಿ ಹೊರಟ ಮೇಲೆ ಕೂರುವುದೂ ಹಾಗೇ. ಯಾವ ಡಾನ್ಸ್ ಮಾಸ್ತರರೂ ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ.

ರೊಟ್ಟಿ ಒಂದು ಉದಾಹರಣೆ. ಬ್ಯಾಡಗಿ ಸುತ್ತಿನ ಶಾಲೆಯಾದರೆ ಮೆಣಸಿನಕಾಯಿ ಹರಡುವುದು, ತೊಟ್ಟು ಮುರಿಯುವುದು, ಘಾಟಿಗೆ ಸೀನುವುದು. ಎರೆ ಹೊಲದ ಊರಾದರೆ ಕೂರಿಗೆಯಲ್ಲಿ ಬಿತ್ತುವುದು, ಕಾಳು ತೂರುವುದು. ಗದಗದ ಮಕ್ಕಳಿಗೆ ಗುಡ್ಡದ ಮೇಲಿನ ಗಾಳಿಯಂತ್ರ ಕೊಡಿ: ನಿಧಾನ ತಿರುಗುವ ಮೂರು ರೆಕ್ಕೆ, ಮೂವರು ಮಕ್ಕಳು. ಹುಬ್ಬಳ್ಳಿಯ ಮಕ್ಕಳಿಗೆ ರೈಲ್ವೆ ಪ್ಲಾಟ್‌ಫಾರ್ಮಿನ ನೂಕುನುಗ್ಗಲು ಸಾಕು. ತಿರುಗುವ ಚಲನೆ ಇದ್ದರೆ ಮೂರು ಸುತ್ತಾದ ಮೇಲೆ ಎದುರು ದಿಕ್ಕಿಗೆ ತಿರುಗಿಸಿ, ತಲೆಸುತ್ತು ಕಡಿಮೆಯಾಗುತ್ತದೆ.

5. ಜೋಡಿಯಾಗಿ

ಒಬ್ಬರು ಕನ್ನಡಿ, ಒಬ್ಬರು ಕನ್ನಡಿ ನೋಡುವವರು. ನಿಧಾನವಾಗಿ ಚಲಿಸಬೇಕು, ಕನ್ನಡಿಯನ್ನು ಸೋಲಿಸುವುದು ಗುರಿಯಲ್ಲ. ಒಂದು ನಿಮಿಷಕ್ಕೆ ಅದಲುಬದಲು. ಹುಡುಗ-ಹುಡುಗಿ ಜೋಡಿ ಆಗಲೇಬೇಕು ಅಂತ ಹಟ ಬೇಡ, ಬೇರೆ ಬೇರೆಯೇ ಇರಲಿ ಅಂತಲೂ ಬೇಡ. ಮಕ್ಕಳೇ ಆರಿಸಿಕೊಳ್ಳಲಿ. ಮುಟ್ಟದೆ ಮಾಡುವ ಆಟ ಇದಾದ್ದರಿಂದ ಮುಜುಗರ ಕಡಿಮೆ. ಗಾಲಿಕುರ್ಚಿಯಲ್ಲಿರುವ ಮಗು ಇದ್ದರೆ ಈ ಹಂತದಲ್ಲಿ ಅವರೇ ಮೊದಲು ನಡೆಸಲಿ. ಜೋಡಿಯವರು ಆ ಮಗುವಿನ ಕೈ, ತಲೆ, ಕುರ್ಚಿಯ ತಿರುವು ಎಲ್ಲಕ್ಕೂ ಕನ್ನಡಿ ಹಿಡಿಯಬೇಕು. "ನೀನು ಕೂತು ನೋಡು" ಅನ್ನುವ ಮಾತು ಈ ಪಾಠದಲ್ಲಿ ಇಲ್ಲ.

6. ನೆಲದ ಮೇಲೆ ಕಸೂತಿ

ಕುಣಿತಕ್ಕೆ ಮೈಯ ಆಕಾರದಷ್ಟೇ ನೆಲದ ಮೇಲಿನ ದಾರಿಯೂ ಮುಖ್ಯ. ಅದನ್ನು ಕಲಿಸಲು ಧಾರವಾಡದ ಕಸೂತಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಮನೆಯಿಂದ ಒಂದು ಕಸೂತಿ ಸೀರೆಯ ಸೆರಗನ್ನೋ ರವಿಕೆ ಬಟ್ಟೆಯನ್ನೋ ತಂದು ಮಕ್ಕಳ ಕೈಗೆ ಕೊಡಿ. ತಿರುಗಿಸಿ ನೋಡಲಿ.

ಗವಂತಿ ಹೊಲಿಗೆಯಲ್ಲಿ ಸೂಜಿ ಮುಂದೆ ಹೋಗುವಾಗ ಒಂದೊಂದು ಹೊಲಿಗೆ ಬಿಟ್ಟು ಹೋಗುತ್ತದೆ. ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಹಾಗಾಗಿಯೇ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಮುರಗಿ ಮೆಟ್ಟಿಲಿನಂತೆ ಅಡ್ಡ, ಮೇಲೆ, ಅಡ್ಡ, ಮೇಲೆ ಹೋಗುತ್ತದೆ. ನೇಯ್ಗಿ ನೇಯ್ದಂತೆ ಸಾಲುಸಾಲಾಗಿ ಓಡುತ್ತದೆ. ಮೆಂತೆ ಅಡ್ಡಗುಣಿತ, ಕತ್ತರಿ ಹಾಕಿದಂತೆ.

ಈಗ ಮಗುವೇ ಸೂಜಿ. ರಂಗೋಲಿ ಪುಡಿಯಿಂದ ಒಂದು ಮಾರಿಗೆ ಒಂದರಂತೆ ಹತ್ತು ಚುಕ್ಕೆ ಇಡಿ. ಗವಂತಿಗೆ ಮೊದಲ ಎರಡು ಚುಕ್ಕೆಯ ನಡುವೆ ಒಂದು ಚಲನೆ, ಮುಂದಿನ ಖಾಲಿ ಜಾಗದಲ್ಲಿ ಸುಮ್ಮನೆ ನಡಿಗೆ, ಮತ್ತೆ ಚಲನೆ. ವಾಪಸ್ ಬರುವಾಗ ನಡೆದ ಜಾಗದಲ್ಲಿ ಚಲನೆ, ಚಲನೆ ಇದ್ದಲ್ಲಿ ನಡಿಗೆ. ಕೇಳಲು ಸುಲಭ, ಮಾಡುವಾಗ ಮಕ್ಕಳು ಹತ್ತು ಸಲ ತಪ್ಪುತ್ತಾರೆ, ಮತ್ತೆ ಮಾಡುತ್ತಾರೆ. ಮುರಗಿಗೆ ಪ್ರತಿ ಮೂಲೆಯಲ್ಲೂ ಮೈ ತಿರುಗಬೇಕು, ಎತ್ತರವೂ ಬದಲಾಗಬೇಕು. ಮೆಂತೆಗೆ ಇಬ್ಬರು ಎದುರುಬದುರು ಹೊರಟು ನಡುವೆ ಡಿಕ್ಕಿಯಾಗದೆ ದಾಟಬೇಕು. ಓಡುತ್ತಾ ದಾಟುವುದು ಬೇಡ, ಮೊದಲು ನಡಿಗೆಯಲ್ಲೇ ಮಾಡಿಸಿ.

7. ಒಳಗಿನದ್ದು ಹೊರಗೆ

"ಸಿಟ್ಟು ಮಾಡಿ ತೋರಿಸು, ದುಃಖ ಮಾಡಿ ತೋರಿಸು" ಅಂತ ಹೇಳಬೇಡಿ. ಮುಖ ಗಂಟಿಕ್ಕುತ್ತಾರೆ, ಕಣ್ಣು ಒರೆಸಿದಂತೆ ಮಾಡುತ್ತಾರೆ, ಅಷ್ಟೇ. ಬದಲಿಗೆ ಮೈಯನ್ನು ಕೇಳಿ. ಸಿಟ್ಟು ಬಂದಾಗ ಮೈಯಲ್ಲಿ ಎಲ್ಲಿ ಬಿಗಿಯಾಗುತ್ತದೆ? ಒಬ್ಬರಿಗೆ ಮುಷ್ಟಿ, ಒಬ್ಬರಿಗೆ ಹೊಟ್ಟೆ, ಒಬ್ಬರಿಗೆ ಕಾಲ್ಬೆರಳು. ಆ ಜಾಗದಿಂದಲೇ ಚಲನೆ ಶುರುವಾಗಲಿ. ಪರೀಕ್ಷೆಯ ಹಿಂದಿನ ರಾತ್ರಿ ಮೈ ಹೇಗಿರುತ್ತದೆ? ಶಾಲೆ ಬಿಟ್ಟ ಗಂಟೆ ಹೊಡೆದಾಗ?

ಒಂದು ಎಚ್ಚರಿಕೆ. ಮನೆಯಲ್ಲಿ ಕಷ್ಟ ಇರುವ ಮಗು ಇಲ್ಲಿ ಥಟ್ಟನೆ ಅಳಬಹುದು. ಎಲ್ಲರ ಮುಂದೆ "ಏನಾಯ್ತು?" ಅಂತ ಕೆದಕಬೇಡಿ. ನೀರು ಕೊಟ್ಟು ಪಕ್ಕ ಕೂರಿಸಿ, ಆಮೇಲೆ ಒಂದು ಕಡೆ ಕೂತು ಮಾತಾಡಿ. ಮಗು ಅಪಾಯದಲ್ಲಿದೆ ಅನ್ನಿಸಿದರೆ ಮುಖ್ಯ ಶಿಕ್ಷಕರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ನೆನಪಿನಲ್ಲಿರಲಿ.

8. ತುಣುಕು ಕಟ್ಟಿಸಿ

ಐದೈದು ಮಕ್ಕಳ ಗುಂಪು ಮಾಡಿ. ಅಳತೆ ನೀವು ಕೊಡಿ, ಒಳಗಿನದ್ದು ಅವರದು: ಒಂದು ಶುರುವಿನ ಭಂಗಿ, ಮೂರು ಚಲನೆ, ಒಂದು ಕೊನೆಯ ಭಂಗಿ. ಪ್ರತಿ ಚಲನೆಗೆ ಎಂಟು ಎಣಿಕೆ. ಒಂದಾದರೂ ನಿಧಾನ ಇರಬೇಕು, ಒಂದಾದರೂ ನೆಲಕ್ಕೆ ಹತ್ತಿರ ಇರಬೇಕು, ಕಸೂತಿಯ ಒಂದು ದಾರಿ ಬರಬೇಕು. ಹತ್ತು ನಿಮಿಷ. ಅಳತೆ ಇಲ್ಲದೆ "ಏನಾದ್ರೂ ಮಾಡ್ರಿ" ಅಂದರೆ ಏನೂ ಹುಟ್ಟುವುದಿಲ್ಲ, ಮಕ್ಕಳು ಜಗಳಾಡುತ್ತಾರೆ. ಗುಂಪಿನಲ್ಲಿ ಜೋರಾಗಿ ಮಾತಾಡುವವರ ಚಲನೆಯೇ ಮೂರೂ ಆಗಿಬಿಡುತ್ತದೆ, ಆದ್ದರಿಂದ ಮೂರು ಚಲನೆ ಮೂವರಿಂದ ಬರಬೇಕು ಅಂತಲೂ ಹೇಳಿ.

ಆಮೇಲೆ ಅರ್ಧ ತರಗತಿ ಮಾಡಲಿ, ಇನ್ನರ್ಧ ನೋಡಲಿ. ಒಬ್ಬೊಬ್ಬರನ್ನೇ ಮುಂದೆ ಕರೆಯಬೇಡಿ. ನೋಡಿದವರು "ಚೆನ್ನಾಗಿತ್ತು" ಅನ್ನುವ ಹಾಗಿಲ್ಲ. "ನಾನು ನೋಡಿದ್ದು..." ಅಂತ ಶುರು ಮಾಡಿ ಒಂದು ವಾಕ್ಯ ಹೇಳಬೇಕು. "ನಾ ನೋಡಿದ್ದು, ಅಕಿ ಬೀಳೂವಾಗ ಬೆರಳು ಕಡೀಕ್ ಬಿತ್ತು." ಇಂಥ ಒಂದು ಮಾತು ಹತ್ತು ಚಪ್ಪಾಳೆಗೆ ಸಮ. ತನ್ನನ್ನು ಯಾರೋ ನಿಜವಾಗಿ ನೋಡಿದರು ಅಂತ ಮಗುವಿಗೆ ತಿಳಿಯುತ್ತದೆ.

9. ಮೈ ತಣಿಸಿ

ನಿಧಾನ ನಡಿಗೆ. ತೊಡೆ, ಮೀನಖಂಡ, ಭುಜಗಳನ್ನು ಎಳೆದು 15-20 ಸೆಕೆಂಡ್ ಹಿಡಿಯುವುದು, ಜಗ್ಗಾಡದೆ. ನೀರು ಕುಡಿಸಿ ತರಗತಿಗೆ ಕಳಿಸಿ.

ಮತ್ತೆ ಮತ್ತೆ ಬರುವ ತೊಡಕುಗಳು

ಗಂಡುಹುಡುಗರು ಒಲ್ಲೆ ಅಂದರೆ? ಊರ ಜಾತ್ರೆ ನೆನಪಿಸಿ. ಬಂಡಿ ಗಾಲಿಯಂಥ ದೊಡ್ಡ ಚೌಕಟ್ಟಿಗೆ ಚರ್ಮ ಬಿಗಿದ ಜಗ್ಗಲಿಗೆಯನ್ನು ಉರುಳಿಸುತ್ತಾ, ಬಡಿಯುತ್ತಾ ಹೋಗುವವರು ಯಾರು? ಕರಡಿ ಮಜಲಿನವರು, ಡೊಳ್ಳಿನವರು, ಮೊಹರಂ ಹೊತ್ತಿಗೆ ಹೆಜ್ಜೆ ಹಾಕುವವರು? ಅವರ ಅಪ್ಪ, ಕಾಕಾ, ಮಾಮಾ. ನಮ್ಮ ಕಡೆ ಗಂಡಸರು ಕುಣಿಯುವುದು ಹೊಸದಲ್ಲ. ಗಟ್ಟಿ ಮತ್ತು ಥಟ್ಟನೆಯ ಚಲನೆಗಳಿಂದ ಶುರು ಮಾಡಿದರೆ ಹುಡುಗರು ಬೇಗ ಬರುತ್ತಾರೆ. ಆದರೆ ಅಲ್ಲೇ ಬಿಡಬೇಡಿ, ಹಗುರ ಮತ್ತು ನಿಧಾನವೂ ಅವರದೇ.

ಒಂದು ಮಗು ಕುಣಿಯಲು ಒಪ್ಪದಿದ್ದರೆ? ಒತ್ತಾಯ ಬೇಡ. ಹಲಗಿ ಬಡಿಯುವ ಕೆಲಸ ಕೊಡಿ. ಎಣಿಕೆ ಹೇಳುವುದು, ಚುಕ್ಕೆ ಇಡುವುದು, ನೋಡಿ ಒಂದು ವಾಕ್ಯ ಹೇಳುವುದು ಕೂಡ ಪಾಠವೇ. ಮುಟ್ಟಿನ ದಿನಗಳಲ್ಲಿ ಹುಡುಗಿಯರು ನೆಗೆಯಲು ಹಿಂಜರಿಯುತ್ತಾರೆ, ಕಾರಣ ಕೇಳದೆ ನಿಧಾನದ ಚಲನೆ ಆರಿಸಿಕೊಳ್ಳಲು ಬಿಡಿ. ಸ್ಕರ್ಟ್ ಹಾಕಿದ ಮಕ್ಕಳಿಗೆ ಒಳಗೆ ಶಾರ್ಟ್ಸ್ ಹಾಕಿಕೊಂಡು ಬರಲು ಹಿಂದಿನ ದಿನವೇ ಹೇಳಿರಿ.

ಜನಪದ ಕುಣಿತ ಸೇರಿಸಬಹುದಾ? ಸೇರಿಸಿ, ಗೌರವದಿಂದ. ತಾಂಡಾದ ಮಕ್ಕಳಿದ್ದರೆ "ನೀ ಲಂಬಾಣಿ, ಕುಣಿದು ತೋರ್ಸು" ಅಂತ ಎಬ್ಬಿಸಬೇಡಿ. ಆ ಮಗುವಿಗೆ ತಾನಾಗಿ ತೋರಿಸಬೇಕು ಅನ್ನಿಸಿದಾಗ ಜಾಗ ಮಾಡಿಕೊಡಿ. ವೀರಭದ್ರನ ಭಕ್ತರಾದ ಪುರವಂತರ ಕುಣಿತ ದೇವರ ಸೇವೆ. ಅದರ ಆವೇಶವನ್ನು, ಶಸ್ತ್ರವನ್ನು ಮಕ್ಕಳ ಕೈಯಲ್ಲಿ ನಕಲು ಮಾಡಿಸುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಲೇಜಿಮ್ (ಸಣ್ಣ ತಾಳಗಳ ಸರಪಳಿ ಕಟ್ಟಿದ ಕೋಲು) ಶಾಲೆಯಲ್ಲಿದ್ದರೆ ಧೂಳು ಕೊಡವಿ ತೆಗೆಯಿರಿ. ಹಳೆಯ ಡ್ರಿಲ್ ಮಾಡಿಸಿದ ಮೇಲೆ "ಇದರ ಸಪ್ಪಳ ಬರದಂತೆ ಕುಣಿ" ಅಂತ ಕೇಳಿ ನೋಡಿ. ಕಲಾವಿದರಿಂದಲೇ ಕಲಿಯುವ ಆಸೆ ಇದ್ದರೆ ನಿಮ್ಮ ಊರಿನ ಮೇಳದವರನ್ನೇ ಮೊದಲು ಕರೆಯಿರಿ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೂ ಇದೆ, ಹತ್ತಿರದ ಶಾಲೆಯವರು ಅಲ್ಲಿ ವಿಚಾರಿಸಬಹುದು.

ಅಂಕ ಹೇಗೆ ಕೊಡುವುದು? ಚಂದಕ್ಕೆ ಅಂಕ ಕೊಡಬೇಡಿ, ಮೈ ಬಳುಕುವುದಕ್ಕೂ ಕೊಡಬೇಡಿ. ಮೂರು ವಿಷಯ ನೋಡಿ. ತನ್ನದೇ ಒಂದು ಚಲನೆ ಹುಡುಕಿತೇ? ಅದನ್ನು ಎರಡನೇ ಸಲ ಅದೇ ಥರ ಮಾಡಬಲ್ಲದೇ? ಇನ್ನೊಬ್ಬರದನ್ನು ನೋಡಿ ಒಂದು ನಿಖರ ಮಾತು ಹೇಳಿತೇ? ಒಂದು ಪಿರಿಯಡ್‌ಗೆ ಎಂಟು ಮಕ್ಕಳನ್ನು ಮಾತ್ರ ನೋಡಿ ಬರೆದಿಟ್ಟುಕೊಳ್ಳಿ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಹೊತ್ತಿಗೆ ಎಲ್ಲರದ್ದೂ ಆಗಿರುತ್ತದೆ.

ವಿಡಿಯೋ? ಪಾಲಕರ ಒಪ್ಪಿಗೆ ಇಲ್ಲದೆ ಬೇಡ. ಒಪ್ಪಿಗೆ ಇದ್ದರೂ ಊರ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಅಲ್ಲಿ ಬರುವ ಒಂದು ನಗುವ ಮುಖ, ನೀವು ಮಾಡಿಸಿದ ಮೊದಲ ಕರಾರನ್ನು ಮುರಿದುಹಾಕುತ್ತದೆ.

ಕೊನೆಯದಾಗಿ, ಇದನ್ನು ಗ್ಯಾದರಿಂಗ್‌ಗೆ ಹಾಕಬಹುದಾ ಅಂತ ಕೇಳುತ್ತಾರೆ. ಹಾಕಬಹುದು. ಎರಡು ಗುಂಪಿನ ತುಣುಕು ಸೇರಿಸಿದರೆ ಸಾಕು. ಬಾಡಿಗೆ ಡ್ರೆಸ್ ಬೇಡ, ಯೂನಿಫಾರ್ಮ್ ಸಾಕು. ಹಲಗಿಯನ್ನು ಮಕ್ಕಳೇ ಬಡಿಯಲಿ. ಮಕ್ಕಳ ಚಲನೆಯನ್ನು ವೇದಿಕೆಗಾಗಿ ನೀವು ತಿದ್ದಿ "ಚಂದ" ಮಾಡಲು ಹೋಗಬೇಡಿ. ಮತ್ತೆ, ನಿರೂಪಣೆ ಮಾಡುವವರ ಚೀಟಿಯಲ್ಲಿ "ನೃತ್ಯ ಸಂಯೋಜನೆ" ಅಂತ ಇರುವ ಕಡೆ ನಿಮ್ಮ ಹೆಸರು ಬರೆಯಬೇಡಿ. ಆ ಹತ್ತು ಮಕ್ಕಳ ಹೆಸರನ್ನೂ ಒಂದೊಂದಾಗಿ ಬರೆದು, ಮೈಕಿನಲ್ಲಿ ಪೂರ್ತಿ ಓದಿಸಿ.